ಬಿಸಿಲಾ, ಫ್ಯಾನಾ, ಫ್ರೀಜರಾ? ನೆನೆದ ಸಾಮಾನು ಉಳಿಸಲು ನಾವು ಮಾಡಿ ನೋಡಿದ್ದು

ನೀರು ನುಗ್ಗಿದ ಮನೆಯವರು ಮೊದಲು ಕೇಳುವುದು ಬೂಷ್ಟನ್ನು ಕೊಲ್ಲುವುದು ಯಾವುದು ಅಂತ. ನನ್ನ ಪ್ರಕಾರ ಒದ್ದೆಯನ್ನು ಬೇಗ ತೆಗೆಯುವುದು ಯಾವುದು ಅಂತ ಕೇಳಬೇಕು. ನೆನೆದ ಕಾಗದ, ಬಟ್ಟೆಯ ಮೇಲೆ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಒಣಗಿದ ಸಾಮಾನಿನ ಮೇಲೆ ಅದು ಬೆಳೆಯುವುದಿಲ್ಲ. ಎಷ್ಟೇ ಔಷಧಿ ಹೊಡೆದರೂ ಒಳಗೆ ತೇವ ಉಳಿದರೆ ಮತ್ತೆ ಬರುತ್ತದೆ.

2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ನೀರು ನಿಂತಿತ್ತಲ್ವಾ, ಆಗ ನಮ್ಮ ನೆಲಮಹಡಿಯ ಸ್ಟೋರ್ ರೂಮೂ ಮುಳುಗಿತು. ಅಪ್ಪನ ಪುಸ್ತಕಗಳು, ಫೋಟೊ ಆಲ್ಬಮ್‌ಗಳು, ಅಮ್ಮನ ರೇಷ್ಮೆ ಸೀರೆಗಳು, ಜಮೀನಿನ ಕಾಗದಗಳು, ಅಜ್ಜಿಯ ತೇಗದ ಪೆಟ್ಟಿಗೆ ಎಲ್ಲ ಅಲ್ಲೇ ಇದ್ದವು. ಸಾಮಾನು ಜಾಸ್ತಿ ಇದ್ದದ್ದರಿಂದ ಒಂದೊಂದು ಗುಂಪಿಗೆ ಒಂದೊಂದು ದಾರಿ ಹಿಡಿದೆವು. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅನ್ನುವುದು ಹಾಗೆ ಗೊತ್ತಾಯಿತು.

ಕೈ ಹಾಕುವ ಮೊದಲು ರಬ್ಬರ್ ಗ್ಲೌಸು, ಬೂಟು, ಎನ್95 ಮಾಸ್ಕ್ ಹಾಕಿಕೊಳ್ಳಿ. ಬೀದಿಯಿಂದ ಬಂದ ನೀರಿನಲ್ಲಿ ಚರಂಡಿ ನೀರೂ ಸೇರಿರುತ್ತದೆ, ಇಲಿ ಜ್ವರ ಬರುವುದು ಇಂಥ ನೀರಿನಿಂದಲೇ. ಆ ನೀರು ಕುಡಿದ ಹಾಸಿಗೆ, ದಿಂಬುಗಳನ್ನು ಉಳಿಸಲು ಹೋಗಬೇಡಿ. ಪಾರ್ಟಿಕಲ್ ಬೋರ್ಡಿನ ಕಪಾಟು ಒಮ್ಮೆ ಉಬ್ಬಿದರೆ ಮುಗಿಯಿತು. ಇವನ್ನು ಬೇಗ ಹೊರಗೆ ಹಾಕಿದಷ್ಟೂ ಉಳಿಸಬೇಕಾದ್ದಕ್ಕೆ ಜಾಗ, ಸಮಯ ಎರಡೂ ಸಿಗುತ್ತದೆ.

ಪುಸ್ತಕ: ಬಿಸಿಲು, ಫ್ಯಾನು, ಫ್ರೀಜರ್

"ತಾರಸಿ ಮೇಲೆ ಹರಡಿಬಿಡೋಣ, ಸಂಜೆ ಹೊತ್ತಿಗೆ ಒಣಗುತ್ತೆ" ಅಂದರು ಅಮ್ಮ. ಮಳೆ ಬಿಟ್ಟ ಹೊತ್ತಲ್ಲಿ ಒಂದಿಷ್ಟು ಪುಸ್ತಕ ಬಿಸಿಲಿಗೆ ಹೋದವು. ಮೇಲಿನ ಹಾಳೆಗಳು ಬೇಗ ಒಣಗಿ ಸುಕ್ಕಾದವು, ರಟ್ಟು ಬಿಲ್ಲಿನ ಹಾಗೆ ಬಾಗಿತು, ಬೆನ್ನಿನ ಅಂಟು ಬಿರುಕು ಬಿಟ್ಟಿತು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಹೊರಗೆ ಗರಿಗರಿ ಅನ್ನಿಸಿದರೂ ಹೊಲಿಗೆಯ ಹತ್ತಿರ ಹಸಿ ಹಾಗೇ ಇತ್ತು. ಮುಚ್ಚಿಟ್ಟ ಮೇಲೆ ಬೂಷ್ಟು ಅಲ್ಲಿಂದಲೇ ಎದ್ದಿತು.

ಫ್ಯಾನಿಗೆ ಇಟ್ಟ ಪುಸ್ತಕಗಳು ಎಷ್ಟೋ ಚೆನ್ನಾಗಿ ಬಂದವು. ಪುಸ್ತಕವನ್ನು ನೇರ ನಿಲ್ಲಿಸಿ, ಹಾಳೆಗಳನ್ನು ಸ್ವಲ್ಪ ಬಿಡಿಸಿ, ಮಧ್ಯೆ ಮಧ್ಯೆ ಅಚ್ಚಿಲ್ಲದ ನ್ಯೂಸ್‌ಪ್ರಿಂಟ್ ಹಾಳೆ ಸೇರಿಸಬೇಕು. ಓದಿದ ಪೇಪರ್ ಹಾಕಿದರೆ ಅದರ ಮಸಿ ಅಂಟಬಹುದು. ಕೆಲವು ಗಂಟೆಗೊಮ್ಮೆ ಆ ಹಾಳೆ ಬದಲಾಯಿಸಬೇಕು, ಈ ಕೆಲಸ ತಪ್ಪಿಸುವ ಹಾಗಿಲ್ಲ. ಗಾಳಿ ನೇರವಾಗಿ ಪುಸ್ತಕಕ್ಕೆ ಬಡಿಯಬಾರದು, ಕೋಣೆಯಲ್ಲಿ ಓಡಾಡುತ್ತಿರಬೇಕು. ಮುಕ್ಕಾಲು ಒಣಗಿದ ಮೇಲೆ ಪುಸ್ತಕವನ್ನು ಮುಚ್ಚಿ, ಮೇಲೆ ಹಲಗೆ ಇಟ್ಟು ಅದರ ಮೇಲೆ ಭಾರ ಇಟ್ಟರೆ ಹಾಳೆ ಮಟ್ಟಸವಾಗುತ್ತದೆ.

ಆದರೆ ಒಂದು ಕೋಣೆಯಲ್ಲಿ ಎಷ್ಟು ಪುಸ್ತಕ ನಿಲ್ಲಿಸಲು ಸಾಧ್ಯ? ಉಳಿದವು ಸರದಿ ಬರುವಷ್ಟರಲ್ಲಿ ಕೊಳೆಯುತ್ತವೆ. ಫ್ರೀಜರ್ ಉಪಯೋಗಕ್ಕೆ ಬರುವುದು ಇಲ್ಲಿ. ಪುಸ್ತಕಗಳನ್ನು ಬಟರ್ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬೆನ್ನು ಕೆಳಗಾಗಿ ಒಳಗಿಟ್ಟೆವು. ಮೈನಸ್ 18 ಡಿಗ್ರಿಯಲ್ಲಿ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಸಾಯುವುದಿಲ್ಲ, ನಿಲ್ಲುತ್ತದೆ ಅಷ್ಟೇ. ಹೊರತೆಗೆದು ಹಾಗೇ ಬಿಟ್ಟರೆ ಮತ್ತೆ ಶುರು. ಆದ್ದರಿಂದ ನಾಲ್ಕೈದನ್ನೇ ತೆಗೆದು ಫ್ಯಾನಿಗೆ ಇಡುವುದು, ಅವು ಆದ ಮೇಲೆ ಮುಂದಿನವು. ಅಪ್ಪನ ಸಂಗ್ರಹದಲ್ಲಿ ಉಳಿದದ್ದರಲ್ಲಿ ಬಹುಪಾಲು ಹೀಗೇ ಉಳಿದದ್ದು. ಫ್ರೀಜರಿಗೆ ಪುಸ್ತಕ ಇಡುವುದು ಅಂದರೆ ಜನ ವಿಚಿತ್ರವಾಗಿ ನೋಡುತ್ತಾರೆ. ನೋಡಲಿ, ದೊಡ್ಡ ಗ್ರಂಥಾಲಯಗಳೂ ಇದನ್ನೇ ಮಾಡುತ್ತವೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸಿನಲ್ಲಿ ಆರ್ನೋ ನದಿ ಉಕ್ಕಿ ಲಕ್ಷಾಂತರ ಪುಸ್ತಕ ನೆನೆದಾಗ ಅಲ್ಲಿ ಈ ಅನುಕೂಲ ಇರಲಿಲ್ಲ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಕಾಣುವಂಥ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲೂ (ಸೊಪ್ಪು ಒಣಗಿಸುವ ಬಿಸಿ ಕೋಣೆಗಳು) ಅಲ್ಲಿನವರು ಪುಸ್ತಕ ಒಣಗಿಸಿದರು.

ಹೊಳಪು ಹಾಳೆಯ ಪುಸ್ತಕಗಳ ವಿಷಯ ಬೇರೆ. ಚಿತ್ರಸಂಪುಟ, ವಿಶೇಷಾಂಕದಂಥವು ಒಣಗುವಾಗ ಹಾಳೆಗೆ ಹಾಳೆ ಅಂಟಿ ಗಟ್ಟಿಯಾಗುತ್ತವೆ, ಆಮೇಲೆ ಬಿಡಿಸಲು ಬರುವುದಿಲ್ಲ. ಒದ್ದೆ ಇರುವಾಗಲೇ ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಹಾಕಬೇಕು. ಅಷ್ಟು ಪುರುಸೊತ್ತು ಇಲ್ಲದಿದ್ದರೆ ನೇರ ಫ್ರೀಜರಿಗೆ.

ಫೋಟೊ: ಒಣಗಿಸಿ ಬಿಡಿಸುವುದಾ, ನೀರಲ್ಲಿ ಬಿಡಿಸುವುದಾ?

ನೆನೆದ ಫೋಟೊವನ್ನು ಮತ್ತೆ ನೀರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಗೆದ್ದದ್ದು ಅದೇ ದಾರಿ. ಹಳೇ ಸ್ಟುಡಿಯೋ ಪ್ರಿಂಟುಗಳ ಮೇಲೆ ಜೆಲಟಿನ್ ಪದರ ಇರುತ್ತದೆ. ಒದ್ದೆಯಾದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಒಣಗುವಾಗ ಪಕ್ಕದ್ದಕ್ಕೆ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಎಳೆದರೆ ಮುಖವೇ ಕಿತ್ತು ಬರುತ್ತದೆ. ಶುದ್ಧ ತಣ್ಣೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಹೆಚ್ಚಿನವು ತಾವೇ ಸಡಿಲವಾಗುತ್ತವೆ. ಚಿತ್ರದ ಮೇಲೆ ಬೆರಳು ಇಡದೆ ಅಂಚು ಹಿಡಿದು ಎತ್ತಿ, ಕೆಸರು ತೊಳೆದು, ಮೂಲೆಗೆ ಕ್ಲಿಪ್ ಹಾಕಿ ದಾರಕ್ಕೆ ತೂಗಬೇಕು. ಬಿಡಿಸಿದ ತಕ್ಷಣ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ಫೋಟೊಗೆ ಮಾತ್ರ ಈ ಸ್ನಾನ ಬೇಡ, ಬಣ್ಣ ಹರಿದುಹೋಗುತ್ತದೆ.

ಜಮೀನಿನ ಕಾಗದಗಳ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಗಾಬರಿ ಜಾಸ್ತಿ ಇತ್ತು. ನಾನು ಮೊದಲು ಕೈಗೆತ್ತಿಕೊಂಡದ್ದು ಫೋಟೊಗಳನ್ನು. ನೋಂದಣಿಯಾದ ಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗುತ್ತದೆ, ಪಹಣಿಯೂ ಮತ್ತೆ ಸಿಗುತ್ತದೆ. ಅಜ್ಜ ಅಜ್ಜಿಯ ಮದುವೆ ಫೋಟೊದ ನಕಲು ಎಲ್ಲಿಯೂ ಸಿಗುವುದಿಲ್ಲ.

ರೇಷ್ಮೆ ಸೀರೆ: ಮನೆಯಲ್ಲೋ, ಡ್ರೈ ವಾಶ್‌ಗೋ?

ಎರಡೂ ಬೇಕು, ಆದರೆ ಯಾವುದು ಮೊದಲು ಅನ್ನುವುದು ಮುಖ್ಯ. ಕೆಸರು ನೀರು ಕುಡಿದ ಸೀರೆಯನ್ನು ಮಡಿಕೆ ಬಿಚ್ಚಿ, ಒಂದೊಂದನ್ನೇ ಬೇರೆಯಾಗಿ, ತಣ್ಣೀರಿನಲ್ಲಿ ತೊಳೆದು ನೆರಳಲ್ಲಿ ಹರಡಿದೆವು. ಬಣ್ಣ ಬಿಡುವ ಸೀರೆಯ ಸೆರಗು, ಒಡಲಿನ ನಡುವೆ ಬಿಳಿ ಹತ್ತಿ ಬಟ್ಟೆ ಇಡಬೇಕು. ಪೂರ್ತಿ ಒಣಗಿದ ಮೇಲೆ ಬೂಷ್ಟನ್ನು ಹೊರಗೆ, ಗಾಳಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉದುರಿಸಿ, ಆಮೇಲೆ ಡ್ರೈ ವಾಶ್‌ಗೆ ಕೊಟ್ಟೆವು. ಒದ್ದೆಯಾಗಿಯೇ ಗಂಟು ಕಟ್ಟಿ ಅಂಗಡಿಗೆ ಕೊಟ್ಟ ಸೀರೆಗಳಲ್ಲಿ ಕಪ್ಪು ಚುಕ್ಕೆ ಉಳಿಯಿತು. ಕಲೆ ಹೋಗುವ ಮೊದಲು ಇಸ್ತ್ರಿ, ಪಾಲಿಶ್ ಮಾಡಿಸಬೇಡಿ, ಬಿಸಿಗೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಬ್ಲೀಚ್ ಅನ್ನು ರೇಷ್ಮೆಯ ಹತ್ತಿರ ತರಲೇಬೇಡಿ. ಅದು ಬಣ್ಣ ತೆಗೆಯುವುದಷ್ಟೇ ಅಲ್ಲ, ಎಳೆಯನ್ನೇ ತಿನ್ನುತ್ತದೆ. ವಿನಿಗರ್ ಹಾಕಿ ಅಂದವರೂ ಇದ್ದರು. ಜರಿ ಕಪ್ಪಾಗುವ ಭಯಕ್ಕೆ ನಾವು ಒಪ್ಪಲಿಲ್ಲ.

ಮರದ ಪೆಟ್ಟಿಗೆ: ಬ್ಲೀಚ್, ವಿನಿಗರ್, ಸ್ಪಿರಿಟ್

ಮೂರನ್ನೂ ಪೆಟ್ಟಿಗೆಯ ಒಳಮೈಯ ಬೇರೆ ಬೇರೆ ಬದಿಗೆ ಹಾಕಿ ನೋಡಿದೆ. ಬ್ಲೀಚ್ ಹಾಕಿದ ಕಡೆ ತಕ್ಷಣ ಬೆಳ್ಳಗಾಯಿತು, ಆದರೆ ಮುಂದಿನ ಮಳೆಗೆ ಅಲ್ಲೇ ಮತ್ತೆ ಕಪ್ಪು ಬಂತು. ಬ್ಲೀಚಿನ ಕ್ಲೋರಿನ್ ಮೇಲ್ಮೈಯಲ್ಲೇ ಮುಗಿಯುತ್ತದೆ, ಅದರ ನೀರು ಮಾತ್ರ ಮರದ ಒಳಗೆ ಇಳಿಯುತ್ತದೆ. ಟೈಲ್ಸು, ಪ್ಲಾಸ್ಟಿಕ್ ಬಕೆಟ್ಟಿಗೆ ಅದು ಸರಿ. ಬಿಳಿ ವಿನಿಗರ್ ಪರವಾಗಿಲ್ಲ, ಆದರೆ ಒಣಗಲು ಹೊತ್ತು ಹಿಡಿಯುತ್ತದೆ, ಎಲ್ಲ ಬೂಷ್ಟಿಗೂ ಬಗ್ಗುವುದಿಲ್ಲ. 70 ಶೇಕಡಾದ ಸರ್ಜಿಕಲ್ ಸ್ಪಿರಿಟ್ ನನ್ನ ಆಯ್ಕೆ. ಒರೆಸಿದ ಕೂಡಲೇ ಆರುತ್ತದೆ, ಮರಕ್ಕೆ ಹೆಚ್ಚು ನೀರು ಕುಡಿಸುವುದಿಲ್ಲ. ಒಲೆ, ದೀಪ, ಊದುಬತ್ತಿ ಹತ್ತಿರ ಇರಬಾರದು. ಪೆಟ್ಟಿಗೆಯ ಹೊರಮೈಗೆ ಹಳೇ ಫ್ರೆಂಚ್ ಪಾಲಿಶ್ ಇದ್ದರೆ ಸ್ಪಿರಿಟ್ ಅದನ್ನು ಕರಗಿಸುತ್ತದೆ, ಅಲ್ಲಿಗೆ ಬೇಡ.

ಒಂದು ಮಾತು ಖಡಾಖಂಡಿತ: ಬ್ಲೀಚ್ ಜೊತೆ ವಿನಿಗರ್ ಆಗಲಿ, ಬಾತ್‌ರೂಮ್ ತೊಳೆಯುವ ಆಸಿಡ್ ಆಗಲಿ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಜೀವಕ್ಕೇ ಅಪಾಯ.

ವಾಸನೆ, ಮತ್ತೆ ಎತ್ತಿಡುವುದು

ಸಾಂಬ್ರಾಣಿ ಹೊಗೆ ಮುಗ್ಗಲು ವಾಸನೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ನುಸಿ ಗುಳಿಗೆ ಹುಳುಗಳಿಗೆ, ಬೂಷ್ಟಿಗಲ್ಲ. ಖಾಲಿ ಪೆಟ್ಟಿಗೆಯಲ್ಲಿ ಇದ್ದಿಲು ತುಂಬಿದ ಬಟ್ಟೆ ಚೀಲ ಇಟ್ಟದ್ದು ಇವೆರಡಕ್ಕಿಂತ ವಾಸಿ ಅನ್ನಿಸಿತು.

ತೇವ ಹೀರಲು ಟ್ರಂಕಿನೊಳಗೆ ಸಿಲಿಕಾ ಜೆಲ್ ಒಳ್ಳೆಯದು. ಬಣ್ಣ ಬದಲಾಯಿಸುವ ಬಗೆಯದ್ದು ತಗೊಂಡರೆ ಯಾವಾಗ ತುಂಬಿತು ಅಂತ ಗೊತ್ತಾಗುತ್ತದೆ, ಓವನ್ನಿನಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಹೆಚ್ಚು ನೀರು ಹೀರುತ್ತವೆ, ಆದರೆ ಅದು ಕೆಳಗೆ ದ್ರವವಾಗಿ ನಿಲ್ಲುತ್ತದೆ. ಸೀರೆ, ಚರ್ಮದ ಚೀಲದ ಮೇಲೆ ಚೆಲ್ಲಿದರೆ ಹಾಳು. ಹಾಗಾಗಿ ಅವು ಕೋಣೆಯ ನೆಲದ ಮೇಲೆ, ಸಾಮಾನಿನಿಂದ ದೂರ. ಗಾಳಿಯ ತೇವ ತೆಗೆಯುವ ಯಂತ್ರ, ಅಂದರೆ ಡಿಹ್ಯೂಮಿಡಿಫೈಯರ್, ಇಡೀ ಕೋಣೆಗೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಬೆಲೆ ಜಾಸ್ತಿ, ಅದಕ್ಕೇ ಸಾಮಾನು ಒಣಗುವವರೆಗೆ ಬಾಡಿಗೆಗೆ ತಂದೆವು. ಈಗ ಗೋಡೆಗೆ ಒಂದು ಸಣ್ಣ ತೇವಮಾಪಕ ಹಾಕಿದ್ದೇವೆ. ಅದು 60 ಶೇಕಡಾ ದಾಟಿದರೆ ಫ್ಯಾನು ಹಾಕುತ್ತೇವೆ. ಹೊರಗೆ ಮಳೆ ಇದ್ದಾಗ ಕಿಟಕಿ ತೆಗೆಯುವುದಿಲ್ಲ, ಅದು ಇನ್ನಷ್ಟು ತೇವವನ್ನೇ ಒಳಗೆ ತರುತ್ತದೆ. ಟ್ರಂಕುಗಳು ಇಟ್ಟಿಗೆ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇವೆ. ರಟ್ಟಿನ ಡಬ್ಬಗಳನ್ನು ಪೂರ್ತಿ ಬಿಟ್ಟೆವು.