ವೆರಾಕ್ರಿಪ್ಟ್: ಬೀಗ ಗಟ್ಟಿ, ತಾರೀಕೇ ತಲೆನೋವು

ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಟ್ಯಾಕ್ಸ್, ಜಿಎಸ್‌ಟಿ ಕೆಲಸ ಮಾಡಿಕೊಡುತ್ತೇನೆ. ಬರುವವರು ಹೆಚ್ಚಾಗಿ ಮೂಡಿಗೆರೆ, ಆಲ್ದೂರು ಕಡೆಯ ಸಣ್ಣ ಕಾಫಿ ಬೆಳೆಗಾರರು. ಅವರ ಪ್ಯಾನ್, ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಎಲ್ಲಾ ನನ್ನ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. "ಅಕ್ಕಾ, ನಮ್ಮ ಲೆಕ್ಕ ಬೇರೆಯವರಿಗೆ ಗೊತ್ತಾಗಲ್ಲ ಅಲ್ವಾ?" ಅಂತ ಕೇಳಿಯೇ ಕೊಡುತ್ತಾರೆ. ಆದರೆ ಮಳೆಗಾಲದ ಥಂಡಿಗೆ ಕೀಬೋರ್ಡೋ ಮತ್ತೊಂದೋ ಕೈಕೊಡುತ್ತದೆ, ರಿಪೇರಿಗೆ ಒಯ್ದರೆ ಮೊದಲು ಕೇಳುವುದೇ ವಿಂಡೋಸ್ ಪಾಸ್‌ವರ್ಡ್. ಕೊಡದೆ ಕೆಲಸ ಆಗಲ್ಲ.

ನನ್ನದು ವಿಂಡೋಸ್ ಹೋಮ್. ಡಿಸ್ಕಿಗೇ ಬೀಗ ಹಾಕುವ ವಿಂಡೋಸಿನದೇ ಸೌಲಭ್ಯ ಬಿಟ್‌ಲಾಕರ್ ಪೂರ್ತಿಯಾಗಿ ಬೇಕೆಂದರೆ ವಿಂಡೋಸ್ ಪ್ರೊಗೆ ದುಡ್ಡು ಕಟ್ಟಬೇಕು. ಫೈಲುಗಳನ್ನೆಲ್ಲ ಪಾಸ್‌ವರ್ಡಿನ ಬೀಗವಿರುವ ಒಂದು ದೊಡ್ಡ ಫೈಲಿನೊಳಗೆ, ಪೆಟ್ಟಿಗೆಯೊಳಗೆ ಇಟ್ಟ ಹಾಗೆ, ಇಡುವ ತಂತ್ರಾಂಶ ವೆರಾಕ್ರಿಪ್ಟ್. ಪುಕ್ಕಟೆ, ಸೋರ್ಸ್ ಕೋಡ್ ಯಾರು ಬೇಕಾದರೂ ನೋಡಬಹುದು. ಟ್ರೂಕ್ರಿಪ್ಟ್ ಎಂಬ ಹಳೇ ತಂತ್ರಾಂಶದಿಂದ 2013ರಲ್ಲಿ ಕವಲೊಡೆದದ್ದು ಇದು. ಮೂಲದ್ದು 2014ರಲ್ಲಿ ನಿಂತೇಹೋಯಿತು.

ಮೊದಲ ಸಲ ಈ ಪೆಟ್ಟಿಗೆಯ ಫೈಲ್ ಮಾಡುವಾಗ ಕಿಟಕಿಯೊಳಗೆ ಮೌಸನ್ನು ಸುಮ್ನೆ ಅತ್ತಿತ್ತ ಓಡಾಡಿಸಬೇಕು. ಕೆಳಗಿನ ಪಟ್ಟಿ ಕೆಂಪಿನಿಂದ ಹಸಿರಾಗುತ್ತದೆ. ನಮ್ಮ ಅಡ್ಡಾದಿಡ್ಡಿ ಓಡಾಟವೂ ಬೀಗದ ಕೀಲಿಯೊಳಗೆ ಸೇರುತ್ತದೆ. ಆ ಕೆಲಸವನ್ನು ತಂಗಿಯ ಮಗಳಿಗೆ ಕೊಟ್ಟಿದ್ದೆ. "ದೊಡ್ಡಮ್ಮ, ಇನ್ನೂ ಮಾಡ್ಲಾ?" ಅಂತ ಹಸಿರಾದ ಮೇಲೂ ಬಿಡಲಿಲ್ಲ.

ಈಗ ಬೆಳಿಗ್ಗೆಯ ಕ್ರಮ ಹೀಗಿದೆ. ಕಾಫಿ ಲೋಟ ಪಕ್ಕಕ್ಕಿಟ್ಟು ಡ್ರೈವ್ ಅಕ್ಷರಗಳ ಪಟ್ಟಿಯಲ್ಲಿ ಎಂ ಆರಿಸಿ ಮೌಂಟ್ ಒತ್ತುತ್ತೇನೆ, ಆ ಫೈಲ್ ಎಂ ಡ್ರೈವ್ ಆಗಿ ತೆರೆಯಲಿ ಅಂತ. ಪಾಸ್‌ವರ್ಡ್ ಒಂದಿಡೀ ಕನ್ನಡ ವಾಕ್ಯ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವುದು. ಇಪ್ಪತ್ತು ಅಕ್ಷರಕ್ಕಿಂತ ಕಡಿಮೆಯಾದರೆ ಫೈಲ್ ಮಾಡುವಾಗಲೇ ಎಚ್ಚರಿಸುತ್ತದೆ. ಆಮೇಲೆ ಕಾಯಬೇಕು. ಪಾಸ್‌ವರ್ಡನ್ನು ಲಕ್ಷಾಂತರ ಸಲ ಅರೆದು ಕೀಲಿ ತೆಗೆಯುವುದರಿಂದ ನನ್ನ ಹಳೇ ಲ್ಯಾಪ್‌ಟಾಪಿಗೆ ಏದುಸಿರು. ಅಷ್ಟರಲ್ಲಿ ಎರಡು ಗುಟುಕು ಕಾಫಿ ಒಳಗೆ ಹೋಗಿರುತ್ತದೆ. ಕಳ್ಳನೊಬ್ಬ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡುವಾಗ ಅವನೂ ಪ್ರತಿ ಸಲ ಇದೇ ಕೆಲಸ ಮಾಡಬೇಕಲ್ಲ, ಹಾಗಾಗಿ ಈ ನಿಧಾನ ನನಗೆ ಇಷ್ಟವೇ. ಎಂ ಡ್ರೈವ್ ತೆರೆದುಕೊಂಡರೆ ಉಳಿದದ್ದೆಲ್ಲ ಮಾಮೂಲಿ ಫೋಲ್ಡರ್. ಎದ್ದು ಹೋಗಿ ಬಹಳ ಹೊತ್ತಾದರೆ ತಾನೇ ಮುಚ್ಚಿಕೊಳ್ಳುವ ಹಾಗೆ ಸೆಟ್ಟಿಂಗ್ ಇಟ್ಟಿದ್ದೇನೆ.

ಇಷ್ಟೆಲ್ಲಾ ಹೊಗಳಿದ ಮೇಲೆ ಕೋಪ ಬಂದ ವಿಷಯ. ದಿನಾ ಸಂಜೆ ಹೊರಗಿನ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ಆಗುತ್ತದೆ. ಒಂದು ದಿನ ಅಲ್ಲಿನ ಪ್ರತಿಯನ್ನು ತೆರೆದು ನೋಡಿದರೆ ಹೊಸದಾಗಿ ಹಾಕಿದ ಒಂದು ಸ್ಕ್ಯಾನೂ ಇಲ್ಲ! ಬ್ಯಾಕಪ್ ತಂತ್ರಾಂಶ ನೋಡುವುದು ಫೈಲಿನ ಗಾತ್ರ ಮತ್ತು ತಾರೀಕನ್ನು. ಈ ಫೈಲಿನ ಗಾತ್ರ ಯಾವತ್ತೂ ಅಷ್ಟೇ, ಒಳಗೆ ಎಷ್ಟು ತುಂಬಿದರೂ. ತಾರೀಕನ್ನು ವೆರಾಕ್ರಿಪ್ಟ್ ಬೇಕೆಂದೇ ಹಳೆಯದಕ್ಕೆ ತಿರುಗಿಸಿಡುತ್ತದೆ, ನೀವು ಯಾವಾಗ ತೆರೆದಿರಿ ಅಂತ ಹೊರಗಿನವರಿಗೆ ಗೊತ್ತಾಗಬಾರದು ಅಂತ. ಗೂಢಚಾರರಿಗೆ ಸರಿ. ಪಹಣಿ ಇಟ್ಟುಕೊಂಡವರಿಗೆ ಯಾಕೆ? ಪ್ರಿಫರೆನ್ಸಸ್ ಒಳಗೆ ಇದಕ್ಕೊಂದು ಟಿಕ್ ಇದೆ, ತೆಗೆದರೆ ಸರಿಹೋಗುತ್ತದೆ. ಆದರೆ ಅದನ್ನು ಹಾಕಿಯೇ ಕೊಡುತ್ತಾರೆ! ಮೊದಲೇ ಒಂದು ಮಾತು ಕೇಳಬಹುದಿತ್ತು.

ಟಿಕ್ ತೆಗೆದ ಮೇಲೆ ಇನ್ನೊಂದು ಪಾಡು. ಒಂದು ಪುಟ ಸೇರಿಸಿದರೂ 20 ಜಿಬಿ ಫೈಲ್ ಪೂರ್ತಿ ಮತ್ತೆ ನಕಲಾಗಬೇಕು. ಹಾರ್ಡ್‌ಡಿಸ್ಕಿಗೆ ಪರವಾಗಿಲ್ಲ, ಅಡುಗೆ ಮುಗಿಯುವಷ್ಟರಲ್ಲಿ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕ್ಲೌಡಿಗೆ ಕಳಿಸುವ ಮಾತೇ ಬೇಡ. ಹಾಗಾಗಿ ಈ ವರ್ಷದ ಫೈಲುಗಳನ್ನು ಮಾತ್ರ ಕ್ರಿಪ್ಟೊಮೇಟರ್‌ಗೆ ಹಾಕಿದೆ. ಅದೂ ಓಪನ್ ಸೋರ್ಸ್, ಒಂದೊಂದು ಫೈಲನ್ನೂ ಬೇರೆಬೇರೆಯಾಗಿ ಎನ್‌ಕ್ರಿಪ್ಟ್ ಮಾಡುವುದರಿಂದ, ಅಂದರೆ ಬೀಗ ಹಾಕುವುದರಿಂದ, ಬದಲಾದದ್ದಷ್ಟೇ ಮೇಲೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಪುಕ್ಕಟೆ. ಆಂಡ್ರಾಯ್ಡ್ ಆ್ಯಪಿಗೆ ದುಡ್ಡು ಕೊಡಬೇಕು, ನಾನು ತಗೊಂಡಿಲ್ಲ.

ಹಳೇ ವರ್ಷಗಳದ್ದೆಲ್ಲ ವೆರಾಕ್ರಿಪ್ಟ್‌ನಲ್ಲೇ ಇದೆ, ಅಲ್ಲೇ ಇರುತ್ತದೆ. ಹೊಸಬರಿಗೆ ಇನ್ನೆರಡು ಮಾತು: ಟೂಲ್ಸ್‌ನಲ್ಲಿ ಹೆಡರ್ ಬ್ಯಾಕಪ್ ಅಂತಿದೆ, ಅದನ್ನು ತೆಗೆದು ಪೆನ್‌ಡ್ರೈವಿನಲ್ಲಿ ಇಡಿ. ಬೀಗದ ಕೀಲಿಯ ಮಾಹಿತಿ ಇರುವ ಫೈಲಿನ ಮೊದಲ ಭಾಗವೇ ಹೆಡರ್, ಅದು ಕೆಟ್ಟರೆ ಈ ಬ್ಯಾಕಪ್ ನೆರವಿಗೆ ಬರುತ್ತದೆ. ಪಾಸ್‌ವರ್ಡ್ ಮರೆತರೆ ಮಾತ್ರ ಫೋನ್ ಮಾಡಿ ಕೇಳಲು ಯಾರೂ ಇಲ್ಲ. ನನ್ನ ವಾಕ್ಯ ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿದೆ, ಕೀಲಿ ಅಮ್ಮನ ಹತ್ತಿರ.