ಮ್ಯಾಗ್ನಮ್ ರೈಫಲ್ ಕೊಳ್ಳುವ ಮುಂಚೆ ನನ್ನ ಹುಬ್ಬಿನ ಗಾಯ ನೋಡಿ

ನನ್ನ ಬಲ ಹುಬ್ಬಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಗಾಯದ ಗುರುತಿದೆ. ಆಫೀಸಿನಲ್ಲಿ ಕೇಳಿದವರಿಗೆ ಕಾರಿನ ಬಾಗಿಲು ಬಡಿಯಿತು ಅಂದಿದ್ದೇನೆ. ನಿಜವಾಗಿ ಬಡಿದದ್ದು ನನ್ನದೇ ರೈಫಲ್ಲಿನ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು. ಮೊನ್ನೆ ಡೆನ್ವರಿಗೆ ಹೊಸದಾಗಿ ಬಂದ ಹಾಸನದ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಎಲ್ಕ್ ಹೊಡೆಯೋಕೆ ಮ್ಯಾಗ್ನಮ್ಮೇ ಬೇಕಂತಲ್ಲ, ಯಾವುದು ತಗೊಳ್ಳಲಿ?" ಅಂದ. ಎಲ್ಕ್ ಅಂದರೆ ಅಲ್ಲಿನ ದೊಡ್ಡ ಜಿಂಕೆ, ಮ್ಯಾಗ್ನಮ್ ಅಂದರೆ ಮಾಮೂಲಿಗಿಂತ ಜೋರಿನ ತೋಟಾ ಹೊಡೆಯುವ ರೈಫಲ್. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಕೊಲರಾಡೋ ಕಡೆ ನಮ್ಮವರು ಶಿಕಾರಿಗೆ ಹೋಗುವುದು ಈಗ ಜಾಸ್ತಿ ಆಗಿದೆ. ಬಂದೂಕಿನ ಅಂಗಡಿಯವರ ಮಾತು ಮಾತ್ರ ಬದಲಾಗಿಲ್ಲ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಅಂದರೆ ಮನೆಯ ಸಾಮಾನು. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಇಟ್ಟು ಪೂಜೆ ಮಾಡಿ, ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತೇವೆ. ಹದಿನೇಳನೇ ವಯಸ್ಸಿಗೆ ನಾನು ಆ ಕಾಯಿ ಒಡೆದವನು. ಆದರೆ ಶಿಕಾರಿ? 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಹುಟ್ಟಿದವನು ನಾನು. ಅಪ್ಪನ 12 ಬೋರ್ ಜೋಡಿ ನಳಿಗೆಯ ಕೋವಿ ತೋಟಕ್ಕೆ ಬಂದ ಮಂಗಗಳನ್ನು ಹೆದರಿಸಲು ಸದ್ದು ಮಾಡಿದ್ದು ಬಿಟ್ಟರೆ ಯಾವ ಪ್ರಾಣಿಯನ್ನೂ ಕಂಡದ್ದಿಲ್ಲ. ಹಾಗಿದ್ದರೂ ಅಮೆರಿಕದ ಬಂದೂಕಿನ ಅಂಗಡಿಗೆ ಕಾಲಿಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನನಗೆ ಯಾರು ಏನು ಹೇಳಿಕೊಡಬೇಕು? ಆ ಸೊಕ್ಕೇ ಮುಂದಿನ ಎಲ್ಲಕ್ಕೂ ಮೂಲ.

(ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಎಚ್1ಬಿ ತರಹದ ವೀಸಾದ ಮೇಲೆ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಗೆಳೆಯನ ರೈಫಲ್ ಸುಮ್ನೆ ಒಮ್ಮೆ ಹಿಡಿದು ನೋಡುವ ಮುಂಚೆಯೂ ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದಿದ್ದೆ.)

ಅಂಗಡಿಯಾತ ಒಳ್ಳೆಯ ಮಾತುಗಾರ. ಎಲ್ಕ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ. ಬೆಳೆದ ಗಂಡು 300 ಕಿಲೋ ತೂಗುತ್ತದೆ. "ಅದು ಸುಲಭಕ್ಕೆ ಬೀಳುವ ಪ್ರಾಣಿ ಅಲ್ಲ" ಅಂದ. 30-06 ಅನ್ನುವ ಮಾಮೂಲಿ ತೋಟಾದ ರೈಫಲ್ ಕೇಳಿದ್ದಕ್ಕೆ ಮೂಗು ಮುರಿದ. "ಅದು ನಿಮ್ಮ ತಾತನ ಕಾಲದ್ದು" ಅಂದ. 1906ರದ್ದು ಅನ್ನುವುದೇನೋ ನಿಜ. ಆಮೇಲೆ .338 ವಿನ್‌ಚೆಸ್ಟರ್ ಮ್ಯಾಗ್ನಮ್ ತೆಗೆದು ಕೈಗಿಟ್ಟ. ಭುಜಕ್ಕೆ ಒತ್ತುವ ಪ್ಲಾಸ್ಟಿಕ್ ಹಿಡಿ, ತೆಳ್ಳಗಿನ ನಳಿಗೆ, ಸ್ಕೋಪ್ ಸೇರಿ ಮೂರೂವರೆ ಕಿಲೋಗಿಂತ ಕಡಿಮೆ. "ಬೆಟ್ಟ ಹತ್ತುವಾಗ ಹಗುರ, ಹೊಡೆದಾಗ ಭಾರ" ಅಂದ. ಎಂಥ ಮಾತು ಅಲ್ವಾ? ಕೇಳಿ ಕುಣಿದುಬಿಟ್ಟೆ.

ಆ ಮಾತಿನ ಇನ್ನೊಂದು ಅರ್ಧ ಅವನು ಹೇಳಲಿಲ್ಲ. ತೋಟಾ ಎಷ್ಟು ಜೋರಾಗಿ ಮುಂದಕ್ಕೆ ತಳ್ಳುತ್ತದೋ ಅಷ್ಟೇ ಜೋರಾಗಿ ಹಿಂದಕ್ಕೂ ಒದೆಯುತ್ತದೆ. ಆ ಒದೆತವನ್ನು ನುಂಗಬೇಕಾದ್ದು ರೈಫಲ್ಲಿನ ತೂಕ. ತೂಕ ಇಲ್ಲದಿದ್ದರೆ ಅಷ್ಟೂ ಭುಜಕ್ಕೆ ಬರುತ್ತದೆ. ಎಂಟು ಪೌಂಡಿನ 30-06 ಸುಮಾರು 20 ಅಡಿ-ಪೌಂಡಿನಷ್ಟು (ಇದು ಶಕ್ತಿಯ ಅಳತೆ) ಒದೆಯುತ್ತದೆ. 250 ಗ್ರೇನ್ ತೂಕದ ಗುಂಡು ಹಾಕಿದ ನನ್ನ ಹಗುರ ಮ್ಯಾಗ್ನಮ್ ಒದೆಯುತ್ತಿದ್ದದ್ದು 40ರ ಹತ್ತಿರ. ಹತ್ತಿರ ಹತ್ತಿರ ಎರಡರಷ್ಟು. ಈ ಲೆಕ್ಕ ನಾನು ಮಾಡಿದ್ದು ಎಲ್ಲಾ ಮುಗಿದ ಮೇಲೆ.

ಇನ್ನೊಂದು ಸಂಗತಿ. ಅಲ್ಲಿನ ರೈಫಲ್ಲುಗಳ ಹಿಡಿ ಅಲ್ಲಿನವರ ತೋಳಿಗೆ ಮಾಡಿದ್ದು. ನಾನು ಐದಡಿ ನಾಲ್ಕು ಇಂಚು. ಭುಜದಿಂದ ಟ್ರಿಗರ್‌ವರೆಗಿನ ಉದ್ದ ನನಗೆ ಒಂದು ಇಂಚು ಜಾಸ್ತಿ ಇತ್ತು. ಸ್ಕೋಪಿನೊಳಗೆ ಪೂರ್ತಿ ಕಾಣಬೇಕೆಂದರೆ ಕತ್ತು ಮುಂದೆ ಚಾಚಬೇಕಿತ್ತು. ಸ್ಕೋಪಿಗೂ ಕಣ್ಣಿಗೂ ಮೂರೂವರೆ ಇಂಚಾದರೂ ದೂರ ಇರಬೇಕು. ನಾನು ಎರಡು ಇಂಚಿಗೆ ಇಟ್ಟಿದ್ದೆ.

ಗುರಿ ಅಭ್ಯಾಸದ ರೇಂಜಿನಲ್ಲಿ ಮೂರನೇ ಈಡಿಗೇ ಹುಬ್ಬು ಸೀಳಿತು. ಮೂಗಿನ ಮೇಲೆ ಬಿಸಿಯಾಗಿ ಏನೋ ಇಳಿಯಿತು, ಬೆವರು ಅಂದುಕೊಂಡೆ. ಪಕ್ಕದ ಬೆಂಚಿನವನು ಟಿಶ್ಯೂ ಕೊಟ್ಟ. ಅಲ್ಲಿಗೇ ನಿಲ್ಲಿಸಬೇಕಿತ್ತು. ಬ್ಯಾಂಡೇಜು ಅಂಟಿಸಿಕೊಂಡು ಇನ್ನೂ ಆರು ಹೊಡೆದೆ. ಕೊಡಗಿನವನಲ್ಲವಾ! ಮಾರನೇ ದಿನ ಭುಜ ಹಲಸಂದೆ ಹೂವಿನ ಬಣ್ಣಕ್ಕೆ ತಿರುಗಿತ್ತು. ಗುರಿ ಹಲಗೆಯಲ್ಲಿ ತೂತುಗಳು ಒಂದೊಂದು ದಿಕ್ಕಿಗೆ ಒಂದೊಂದು. "ಸ್ಕೋಪ್ ಇನ್ನೂ ಸರಿಯಾಗಿ ಕೂತಿಲ್ಲ" ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಎರಡು ತಿಂಗಳು ಆ ರೈಫಲ್ಲನ್ನು ಕಪಾಟಿನಿಂದ ಹೊರಗೆ ತೆಗೆಯಲಿಲ್ಲ. ಆಫೀಸಿನ ಕೆಲಸ ಜಾಸ್ತಿ ಅಂತ ನೆಪ. ಹೆದರಿಕೆ ಅಂತ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಅಕ್ಟೋಬರಿನಲ್ಲಿ ಕೊಲರಾಡೋದ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಕಡೆ ಶಿಕಾರಿಗೆ ಹೋದೆವು. ವೈಟ್ ರಿವರ್ ಕಾಡಿನ ಎಲ್ಕ್ ಹಿಂಡು ಹೆಸರುವಾಸಿ. ಜೊತೆಗೆ ನಮ್ಮ ಬೀದಿಯ ನಿವೃತ್ತ ಮುದುಕ ಒಬ್ಬರು. ಅವರ ಕೈಯಲ್ಲಿ ಬಣ್ಣ ಹೋದ ಹಳೆಯ .270 ರೈಫಲ್. ನನ್ನ ಹುಬ್ಬು ನೋಡಿ, "ಎಷ್ಟು ಈಡು ಹೊಡೆದು ಅಭ್ಯಾಸ ಮಾಡಿದ್ದೀ?" ಅಂದರು. "ಎರಡು ಡಬ್ಬಿ" ಅಂದೆ. ಡಬ್ಬಿಗೆ 20 ತೋಟಾ. ನಾನು ಹೊಡೆದದ್ದು ಒಂಬತ್ತು.

ಎರಡನೇ ದಿನ ಸಂಜೆ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ, ಆಸ್ಪೆನ್ ಮರಗಳ ಅಂಚಿನಲ್ಲಿ ಗಂಡು ಎಲ್ಕ್ ನಿಂತಿತ್ತು. 160 ಗಜ ದೂರ, ಬಲಕ್ಕೆ ಮುಖ, ಪೂರ್ತಿ ಅಡ್ಡಲಾಗಿ. ಮುಂಗಾಲಿನ ಹಿಂದೆ ಹೃದಯ, ಶ್ವಾಸಕೋಶ ಇರುವ ಜಾಗ ಒಂದು ಮೊರದಷ್ಟು ಅಗಲ. ಇದಕ್ಕಿಂತ ಸುಲಭದ ಗುರಿ ಸಿಗುವುದಿಲ್ಲ. ಟ್ರಿಗರ್ ಎಳೆಯುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡಿತ್ತು. ನಾನು ಮುಚ್ಚಲಿಲ್ಲ, ಅದೇ ಮುಚ್ಚಿಕೊಂಡಿತು.

ಎಲ್ಕ್ ಬೆನ್ನು ಬಾಗಿಸಿ, ಓಡದೆ, ಭಾರವಾಗಿ ನಡೆಯುತ್ತಾ ಮರಗಳೊಳಗೆ ಹೋಯಿತು. ಮುದುಕರು ಏನೂ ಅನ್ನಲಿಲ್ಲ. ಆ ನಡಿಗೆಯೇ ಎಲ್ಲವನ್ನೂ ಹೇಳಿತ್ತು. ಹೋಗಿ ನೋಡಿದರೆ ಹುಲ್ಲಿನ ಮೇಲೆ ರಕ್ತಕ್ಕಿಂತ ಹೆಚ್ಚು ಹಸಿರು ಕೊಳೆ. ನೆಲದಿಂದ ಹುಳಿ ವಾಸನೆ. ಗುಂಡು ಎಡಕ್ಕೆ, ಕೆಳಕ್ಕೆ ಜಾರಿ ಹೊಟ್ಟೆಗೆ ಬಿದ್ದಿತ್ತು. ಅಷ್ಟು ದೊಡ್ಡ ಗುಂಡು, ಅಷ್ಟು ಶಕ್ತಿ, ಎಲ್ಲಾ ಅರೆಜೀರ್ಣ ಹುಲ್ಲಿನೊಳಗೆ.

ಹೊಟ್ಟೆಗೆ ಬಿದ್ದ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಬಾರದು. ಸ್ವಲ್ಪ ದೂರ ಹೋಗಿ ಮಲಗುತ್ತದೆ. ಕೆಲವು ಗಂಟೆ ಬಿಟ್ಟರೆ ಅಲ್ಲೇ ಸಿಗುತ್ತದೆ. ಮುದುಕರು ಅದನ್ನೇ ಹೇಳಿದರು. ನಾನು ಕೇಳಲಿಲ್ಲ, ಕತ್ತಲಾಗುತ್ತದೆ ಅಂತ ನುಗ್ಗಿದೆ. ಮಲಗಿದ್ದದ್ದು ಎದ್ದು ಇಳಿಜಾರಿನಲ್ಲಿ ಓಡಿತು. ಒಂದು ಕ್ಷಣ ಅದು ಮುದುಕರ ಎದುರಿಗೇ ಬಂತು. ಆದರೆ ಅವರ ಹತ್ತಿರ ಇದ್ದದ್ದು ಹೆಣ್ಣು ಎಲ್ಕ್‌ನ ಪರವಾನಗಿ. ನನ್ನ ಪರವಾನಗಿಯ ಪ್ರಾಣಿಯನ್ನು ಅವರು ಹೊಡೆದರೆ ಅಪರಾಧ. ರೈಫಲ್ ಎತ್ತದೆ ನಿಂತರು. ಸೂರ್ಯ ಮುಳುಗಿ ಅರ್ಧ ಗಂಟೆಗೆ ಗುಂಡು ಹಾರಿಸುವ ಹೊತ್ತು ಮುಗಿಯುತ್ತದೆ. ಮುಗಿಯಿತು.

ಆ ರಾತ್ರಿ ಟೆಂಟಿನಲ್ಲಿ ನನಗೆ ನಿದ್ದೆ ಬರಲಿಲ್ಲ ಅಂತ ಬರೆದರೆ ಅದು ದೊಡ್ಡ ವಿಷಯವೇನಲ್ಲ. ಹೊರಗೆ ಅದಕ್ಕೂ ಬರುತ್ತಿರಲಿಲ್ಲ.

ಬೆಳಿಗ್ಗೆ ಕಾಗೆಗಳ ಸದ್ದು ಹಿಡಿದು ಹೋದಾಗ ಕಣಿವೆಯ ತಳದಲ್ಲಿ ಸಿಕ್ಕಿತು. ಮೈ ಇನ್ನೂ ಒಳಗೆ ಬೆಚ್ಚಗಿತ್ತು. ಹೊರಗೆ ಹಿಮ ಇದ್ದರೂ ಎಲ್ಕ್‌ನ ದಪ್ಪ ಚರ್ಮ ಕಂಬಳಿಯ ಹಾಗೆ ಬಿಸಿ ಹಿಡಿದಿಡುತ್ತದೆ. ತೊಡೆಯ ಮೂಳೆಯ ಸುತ್ತ ಮಾಂಸ ಆಗಲೇ ಹುಳಿಯಾಗಿತ್ತು. ಹಿಂಭಾಗ ನರಿಗಳ ಪಾಲಾಗಿತ್ತು. ಮುಂಭಾಗ, ಬೆನ್ನಿನ ಮಾಂಸ ಉಳಿದದ್ದನ್ನು ಬೆನ್ನ ಮೇಲೆ ಹೊತ್ತು ನಾಲ್ಕು ಸಲ ಬೆಟ್ಟ ಹತ್ತಿದೆ. ಮುದುಕರು ಎರಡು ಸಲ ಹೊತ್ತರು.

ಊರಿಗೆ ವಾಪಸ್ ಬಂದ ಮೇಲೆ ಅವರೇ ನನ್ನನ್ನು ರೇಂಜಿಗೆ ಕರೆದುಕೊಂಡು ಹೋದರು. ರೈಫಲ್ಲಿಗೆ ತಾವೇ ತೋಟಾ ತುಂಬಿಸಿ ಕೊಟ್ಟರು. ಮದ್ದಿಲ್ಲದ ಸುಳ್ಳು ತೋಟಾವನ್ನು ನಡುವೆ ಸೇರಿಸಿದ್ದರು, ನನಗೆ ಗೊತ್ತಿಲ್ಲ. ಟ್ರಿಗರ್ ಎಳೆದೆ. ಕ್ಲಿಕ್ ಅಂದಿತು ಅಷ್ಟೇ. ಆದರೆ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಸಿಯಿತು, ಭುಜ ಮುಂದೆ ನುಗ್ಗಿತು. ಒದೆತ ಬರುವ ಮುಂಚೆಯೇ ಮೈ ಒದೆತಕ್ಕೆ ಹೆದರಿ ಕುಣಿದಿತ್ತು. ಬೇಟೆಗೆ ಹೋಗುವ ಮುಂಚೆ ಈ ಪರೀಕ್ಷೆ ಮಾಡಿಕೊಳ್ಳಿ. ಖರ್ಚು ಏನೂ ಇಲ್ಲ, ಒಬ್ಬ ಗೆಳೆಯ ಇದ್ದರೆ ಸಾಕು.

ಅವರ ಕೈಯಲ್ಲಿದ್ದ .270, 1925ರಲ್ಲಿ ಬಂದ ತೋಟಾ. ಎಲ್ಕ್‌ಗೆ ಕೊಲರಾಡೋ ಕಾನೂನು ಕೇಳುವುದು ಕನಿಷ್ಠ .24 ಕ್ಯಾಲಿಬರ್ (ಅಂದರೆ .24 ಇಂಚು ಅಗಲದ ಗುಂಡು), 85 ಗ್ರೇನಿನ ಅರಳುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ. .270 ಆಗಲಿ 30-06 ಆಗಲಿ ಅದರ ಎರಡು ಪಟ್ಟು ದಾಟುತ್ತವೆ. ಅಂಗಡಿಯಲ್ಲಿ ಯಾರೂ ಈ ಅಂಕಿ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

ಹಾಗಂತ ಸಣ್ಣ ಕ್ಯಾಲಿಬರ್ ಎಲ್ಲಾ ಕಡೆ ನಡೆಯುತ್ತದೆ ಅಂತ ತಿಳಿಯಬೇಡಿ. ಆಫ್ರಿಕಾದ ಕಾಡೆಮ್ಮೆ, ಅಂದರೆ ಕೇಪ್ ಎಮ್ಮೆ ಹೊಡೆಯಲು ನಮೀಬಿಯಾಕ್ಕೆ ಹೋಗುವವರಿಗೆ ಅಲ್ಲಿನ ಕಾನೂನೇ ಕನಿಷ್ಠ 5400 ಜೂಲ್ ಶಕ್ತಿ ಇರಬೇಕು ಅನ್ನುತ್ತದೆ. 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾ ಅದನ್ನು ದಾಟುತ್ತದೆ, 30-06 ದಾಟುವುದಿಲ್ಲ. ಇಲ್ಲಿ ಯಾರಾದರೂ ಕರಮೋಜೋ ಬೆಲ್ ಹೆಸರು ತೆಗೆದೇ ತೆಗೆಯುತ್ತಾರೆ. 7 ಎಂಎಂ ರೈಫಲ್ಲಿನಲ್ಲಿ ನೂರಾರು ಆನೆ ಹೊಡೆದವನು. ಅವನು ಹೊಡೆಯುತ್ತಿದ್ದದ್ದು ಗಟ್ಟಿ ಕವಚದ ಗುಂಡು, ಅದೂ ಆನೆಯ ತಲೆಬುರುಡೆಯೊಳಗಿನ ಮಿದುಳಿನ ಅಂದಾಜು ಸರಿಯಾಗಿ ತಿಳಿದುಕೊಂಡು. ನಿಮಗೂ ನನಗೂ ಅದು ಬರುವುದಿಲ್ಲ. ದೊಡ್ಡ ಕ್ಯಾಲಿಬರ್ ಬೇಕೇ ಬೇಕು ಅನ್ನುವ ಕಡೆ ಹೋಗುವುದಾದರೆ ಭಾರದ ರೈಫಲ್ಲೇ ಕೊಳ್ಳಿ, ನಾಲ್ಕು ಕಿಲೋಗಿಂತ ಮೇಲಿನದು. ಹಿಡಿಯನ್ನು ನಿಮ್ಮ ತೋಳಿಗೆ ಕತ್ತರಿಸಿಕೊಳ್ಳಿ. ಒಂದೇ ದಿನ ಇಪ್ಪತ್ತು ಹೊಡೆಯಬೇಡಿ, ವಾರಕ್ಕೆ ಐದಾರು ಹೊಡೆಯಿರಿ, ಉಳಿದದ್ದನ್ನು ಒದೆತವೇ ಇಲ್ಲದಂಥ ಸಣ್ಣ .22ರಲ್ಲಿ ಕಲಿಯಿರಿ. ನಳಿಗೆಯ ತುದಿಗೆ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ಬಿಡುವ ತೂತುಗಳ ತುಂಡು) ಹಾಕಿಸಿದರೆ ಒದೆತ ಇಳಿಯುತ್ತದೆ, ಆದರೆ ಸದ್ದು ಪಕ್ಕದವನ ಕಿವಿ ಹರಿಯುವಷ್ಟು ಏರುತ್ತದೆ. ಅದು ನನಗೆ ಇಷ್ಟವಿಲ್ಲ.

ಈಗ ನನ್ನ ಹತ್ತಿರ ಹಳೆಯ 30-06 ಇದೆ, ಮರದ ಹಿಡಿಯದು. ಕಳೆದ ಬೇಸಿಗೆಯಲ್ಲಿ ಅದರಲ್ಲಿ ಇನ್ನೂರಕ್ಕೂ ಹೆಚ್ಚು ಈಡು ಹೊಡೆದೆ. ಹುಬ್ಬಿಗೆ ಹೊಸ ಗಾಯ ಆಗಿಲ್ಲ.

ಮ್ಯಾಗ್ನಮ್ಮನ್ನು ಅದೇ ಅಂಗಡಿಗೆ ಅರ್ಧ ಬೆಲೆಗೆ ಕೊಟ್ಟೆ. ತೋಟಾ ಡಬ್ಬಿಯನ್ನೂ ಜೊತೆಗೆ ಇಟ್ಟೆ. ಹದಿನೈದು ದಿನ ಬಿಟ್ಟು ಹೋದಾಗ ಅದು ಗೋಡೆಯ ಮೇಲಿತ್ತು. "ಹೊಸದರ ಹಾಗೇ ಇದೆ, ಹೆಚ್ಚು ಬಳಸಿಲ್ಲ" ಅಂತ ಚೀಟಿ. ಪಕ್ಕದಲ್ಲಿ ಇನ್ನೂ ಮೂರು ಮ್ಯಾಗ್ನಮ್‌ಗಳು, ಅವಕ್ಕೂ ಅಂಥದ್ದೇ ಚೀಟಿ, ಅವುಗಳ ಜೊತೆಗೂ ಅರ್ಧ ಖಾಲಿಯಾದ ಒಂದೊಂದು ಡಬ್ಬಿ.