ಬಸುರಿ ಮುಖದ ಬಂಗಿಗೆ ನಾನು ಹಚ್ಚಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಬಂಗಿಗೆ, ಅಂದರೆ ಮುಖದ ಕಂದು ಕಲೆಗೆ, ನನ್ನ ಓಟು ಅಜೆಲೆಯಿಕ್ ಆಸಿಡ್ 10% ಜೆಲ್‌ಗೆ. ಬಸುರಿಯಾಗಿದ್ದಾಗ ಹಚ್ಚಿದ್ದೂ ಅದೇ, ಈಗ ಮಗುವಿಗೆ ಹಾಲೂಡಿಸುವಾಗಲೂ ಅದೇ. ಹಾಗಂತ ಅದು ಕಾಟ ಕೊಡಲಿಲ್ಲ ಅಂತಲ್ಲ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಐದು ತಿಂಗಳು ತುಂಬುವ ಹೊತ್ತಿಗೆ ಕೊಯ್ಲು. ಕಣದಲ್ಲಿ ಹಣ್ಣು ಹರವಿಸುತ್ತಾ ಬಿಸಿಲಿಗೆ ನಿಂತದ್ದೇ ನಿಂತದ್ದು, ಕೆನ್ನೆ ಮತ್ತು ಮೇಲ್ತುಟಿಯ ಮೇಲೆ ಬಂಗು ಎದ್ದಿತು. ಬಸಿರಿನ ಹಾರ್ಮೋನುಗಳು ಚರ್ಮದ ಬಣ್ಣದ ಕೋಶಗಳನ್ನು ಕೆರಳಿಸುತ್ತವೆ, ಬಿಸಿಲು ಅದನ್ನು ಇನ್ನಷ್ಟು ಏರಿಸುತ್ತದೆ. ಹೆರಿಗೆಯಾದ ಮೇಲೆ ಹಲವರಿಗೆ ತಾನಾಗಿಯೇ ತಿಳಿಯಾಗುತ್ತದಂತೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ಓರಗಿತ್ತಿ ತಂದುಕೊಟ್ಟ 'ಬಂಗಿನ ಕ್ರೀಮ್' ಪೈಪೋಟಿಗೇ ಇಳಿಯಲಿಲ್ಲ. ಟ್ಯೂಬಿನ ಹಿಂದೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್ ಹಚ್ಚಿದ್ದರಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ಮೈಗಿಳಿಯುತ್ತದೆ, ಹಾಗಾಗಿ ಬಸಿರಿನಲ್ಲಿ ಬೇಡ. ಟ್ರೆಟಿನಾಯಿನ್ ವಿಟಮಿನ್ 'ಎ' ಜಾತಿಯದು. ಅದೇ ಜಾತಿಯ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದರೆ ಹೊಟ್ಟೆಯ ಮಗುವಿಗೆ ಅಂಗದೋಷ ತರುತ್ತದೆ. ಮುಖಕ್ಕೆ ಹಚ್ಚಿದ್ದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಆದರೂ ಬಸಿರಿನಲ್ಲಿ ಬೇಡವೇ ಬೇಡ ಅನ್ನುತ್ತಾರೆ ಡಾಕ್ಟ್ರು. ರೆಟಿನಾಲ್, ಅಡಾಪಲೀನ್ ಅಂತ ಬರೆದಿದ್ದರೂ ಅದೇ ಮಾತು. ಇನ್ನು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಿಗಿ ಮಾಡಿದ್ದಾರೆ. ನಮ್ಮ ಕಡೆ ಅಂಗಡಿಗಳಲ್ಲಿ ಕೇಳಿದರೆ ಸಾಕು, ಕೊಡುತ್ತಾರೆ.

ಅತ್ತೆಯ ಕಡಲೆಹಿಟ್ಟು-ಅರಿಶಿನದಿಂದ ಅಪಾಯವೇನಿಲ್ಲ. ದಿಂಬಿನ ಕವರು ಹಳದಿಯಾಯಿತು, ಬಂಗು ಇದ್ದಲ್ಲೇ ಇತ್ತು.

ನಿಯಾಸಿನಮೈಡ್ ಸೀರಮ್ಮಿಗೂ ಡಾಕ್ಟ್ರ ಅಡ್ಡಿಯಿರಲಿಲ್ಲ, ಅದು ವಿಟಮಿನ್ ಬಿ3. ಮುಖದ ಜಿಡ್ಡು ಇಳಿಯಿತು. 600 ರೂಪಾಯಿಗೆ ಅಷ್ಟೇ.

ಚಿಕ್ಕಮಗಳೂರಿನ ಚರ್ಮದ ಡಾಕ್ಟ್ರು ಬರೆದುಕೊಟ್ಟದ್ದು ಅಜೆಲೆಯಿಕ್. ಗೋಧಿ, ಬಾರ್ಲಿಯಲ್ಲೂ ಇರುವ ಆಸಿಡ್ಡಂತೆ ಅದು. ಹಚ್ಚಿದ್ದರಲ್ಲಿ ಮೈಗಿಳಿಯುವುದು ನೂರಕ್ಕೆ ನಾಲ್ಕು ಪಾಲಿನಷ್ಟು. ಬೆಲೆ 300ರ ಆಸುಪಾಸು.

ಈಗ ಕಾಟಕ್ಕೆ ಬರುತ್ತೇನೆ. ಬೆಳಿಗ್ಗೆ ಜೆಲ್ ಹಚ್ಚಿ ಮೇಲೆ ಸನ್‌ಸ್ಕ್ರೀನ್ ಉಜ್ಜಿದರೆ ಎರಡೂ ಸೇರಿ ರಬ್ಬರಿನಿಂದ ಪೆನ್ಸಿಲ್ ಅಳಿಸಿದ ಹಾಗೆ ಬಿಳಿ ಎಳೆ ಎಳೆ ಉದುರುತ್ತಿತ್ತು. ಹುಬ್ಬಿನಲ್ಲಿ, ಮೂಗಿನ ಪಕ್ಕದಲ್ಲಿ, ಬ್ಲೌಸಿನ ಕೊರಳಿನ ಮೇಲೆ. ಒರೆಸಹೋದರೆ ಇನ್ನಷ್ಟು ಏಳುತ್ತದೆ. ಕೊನೆಗೆ ಮುಖ ತೊಳೆದು ಮೊದಲಿನಿಂದ ಶುರು. ಕಣದಲ್ಲಿ ಆಳುಗಳು ಕಾಯುತ್ತಿರುವಾಗ ಕನ್ನಡಿ ಮುಂದೆ ಇದೊಂದು ಗೋಳು.

ಜೆಲ್ಲಿನ ಬ್ರ್ಯಾಂಡು ಬದಲಿಸಿದೆ, ಸನ್‌ಸ್ಕ್ರೀನ್ ಬದಲಿಸಿದೆ, ದುಡ್ಡು ಹೋಯಿತೇ ಹೊರತು ಎಳೆ ನಿಲ್ಲಲಿಲ್ಲ. ಕಡಲೆಕಾಳಿನಷ್ಟು ಸಾಲುತ್ತದೆ, ಉಜ್ಜಬೇಡಿ, ತಟ್ಟಿ ಬಿಡಿ ಎಂದರು ಡಾಕ್ಟ್ರು. ಸ್ವಲ್ಪ ಇಳಿಯಿತು. ಪೂರ್ತಿ ನಿಂತದ್ದು ಜೆಲ್ಲನ್ನು ರಾತ್ರಿಗೆ ತಳ್ಳಿದ ಮೇಲೆ. ಬೆಳಿಗ್ಗೆ ಬರೀ ಸನ್‌ಸ್ಕ್ರೀನ್.

ಮೊದಮೊದಲು ಚುರುಚುರು, ನವೆಯೂ ಇತ್ತು. ತೇವ ಪೂರ್ತಿ ಆರಿದ ಮೇಲೆ ಹಚ್ಚಿದರೆ ತಡೆಯಬಹುದು.

ಬಿಸಿಲಿಗಿಳಿಯುವಾಗ ಸನ್‌ಸ್ಕ್ರೀನ್ ಬಿಟ್ಟರೆ ಈ ಜೆಲ್ಲೂ ದಂಡ. ಆಕ್ಸಿಬೆಂಜೋನ್ ಇರುವುದನ್ನು ನಾನು ಕೈಬಿಟ್ಟೆ, ಅದು ಎದೆಹಾಲಿನಲ್ಲೂ ಕಾಣಿಸಿಕೊಂಡಿದೆ. ಬರೀ ಜಿಂಕ್ ಆಕ್ಸೈಡ್ ಹಚ್ಚಿದರೆ ನನ್ನ ಬಣ್ಣಕ್ಕೆ ಮುಖ ಬೂದಿ ಬಳಿದಂತಾಗುತ್ತದೆ. ಹಾಗಾಗಿ ಕಂದು ಛಾಯೆಯದು ತಂದೆ. ಆ ಬಣ್ಣ ಕೊಡುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಹೆಚ್ಚುವುದಕ್ಕೆ ಆ ಬೆಳಕೂ ಕಾರಣ. ಜೆಲ್ಲಿಗಿಂತ ಇದೇ ದುಬಾರಿ. ಹಾಗಾಗಿ ತೋಟಕ್ಕೆ ಹೋಗದ ದಿನ ಹಚ್ಚುವುದಿಲ್ಲ, ಅಮ್ಮನ ಮನೆಯ ಬಾಣಂತನದಲ್ಲಂತೂ ಸನ್‌ಸ್ಕ್ರೀನಿನ ಟ್ಯೂಬು ತೆಗೆಯಲೇ ಇಲ್ಲ.

ಹಾಲೂಡಿಸುವವರಿಗೆ ಡಾಕ್ಟ್ರು ಹೇಳಿದ್ದಿಷ್ಟು: ಎದೆಯ ಮೇಲೆ ಹಚ್ಚಬೇಡಿ, ಮಗು ಕೆನ್ನೆಗೆ ಕೆನ್ನೆ ತಾಗಿಸುವ ಹೊತ್ತಲ್ಲಿ ಮುಖಕ್ಕೂ ಬೇಡ. ನಾನು ರಾತ್ರಿ ಹಾಲು ಕುಡಿಸಿ ಮಲಗಿಸಿದ ಮೇಲೆ ಹಚ್ಚಿ ಕೈ ತೊಳೆಯುತ್ತೇನೆ. ಮೇಲ್ತುಟಿಯದು ಹೋಗಿದೆ, ಕೆನ್ನೆಯದು ಅರ್ಧ ಉಳಿದಿದೆ. 20% ಕ್ರೀಮಿಗೆ ಏರೋಣವೇ ಎಂದು ಕೇಳಿದ್ದಕ್ಕೆ, ಇಳಿಯುತ್ತಿದೆಯಲ್ಲ, ಮುಂದಿನ ಕೊಯ್ಲು ಮುಗಿಯಲಿ ನೋಡೋಣ ಎಂದಿದ್ದಾರೆ.